ಕಡಲಿನ ತಂಪು, ಡೀಸೆಲಿನ ಪಂಪು

ಮಂಗಳೂರಿನ ಬಂದರಿನಲ್ಲಿ ಡೀಸೆಲ್ ಜನರೇಟರ್ ರಿಪೇರಿ ನನ್ನ ಕಸುಬು. ಹಳೆ ದಕ್ಕೆಯಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳಲ್ಲಿ (ಸರಕಿನ ದೋಣಿಗಳಲ್ಲಿ) ಅಕ್ಕಿ, ತರಕಾರಿ, ಜಲ್ಲಿಯ ಜೊತೆಗೆ ನಾನು ಕಟ್ಟಿಕೊಟ್ಟ ಫಿಲ್ಟರ್, ಬೇರಿಂಗ್‌ಗಳೂ ಹೋಗುತ್ತವೆ. ಡೀಸೆಲಿನಿಂದಲೇ ನನ್ನ ಮನೆ ನಡೆಯುತ್ತದೆ. ಆದರೂ ಆ ದ್ವೀಪಗಳ ಕುಡಿಯುವ ನೀರು ಡೀಸೆಲನ್ನು ನೆಚ್ಚಿಕೊಂಡಿರುವುದು ನನಗೆ ಒಪ್ಪಿಗೆಯಿಲ್ಲ.

ಅಲ್ಲಿ ಹೊಳೆಯಿಲ್ಲ, ಬೆಟ್ಟವಿಲ್ಲ. ಹವಳದ ಮರಳಿನೊಳಗೆ ಇಳಿದ ಮಳೆನೀರು ಹಗುರವಾದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಬಾವಿಗೆ ಪಂಪ್ ಹಾಕಿ ಎಳೆದರೆ ಉಪ್ಪು ಮೇಲೇರುತ್ತದೆ. ಶೌಚಗುಂಡಿಗಳೂ ಅದೇ ಮರಳಿನಲ್ಲಿವೆ. ಹೀಗಾಗಿಯೇ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2005ರಲ್ಲಿ ಕವರತ್ತಿಯಲ್ಲಿ ಕಡಲನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಕಟ್ಟಿದರು. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಅದು ಬಂತು. ಕದ್ಮತ್‌ನ ಸ್ಥಾವರ 1.5 ಲಕ್ಷ ಲೀಟರಿನದು.

ಆ ಸ್ಥಾವರ ಕೆಲಸ ಮಾಡುವ ರೀತಿ ಎಂಥ ಮೆಕ್ಯಾನಿಕ್‌ಗೂ ಇಷ್ಟವಾಗಬೇಕು. ಮೇಲ್ಮೈಯ ಕಡಲನೀರು 28 ಡಿಗ್ರಿಯ ಆಸುಪಾಸು ಇರುತ್ತದೆ. ಸುಮಾರು 350 ಮೀಟರ್ ಆಳದ ನೀರು 12–13 ಡಿಗ್ರಿ. ಗಾಳಿಯನ್ನು ಹೊರಗೆಳೆದ ಕೋಣೆಯೊಳಗೆ ಮೇಲ್ಮೈಯ ನೀರನ್ನು ಬಿಟ್ಟರೆ, ಒತ್ತಡ ತೀರಾ ಕಡಿಮೆಯಾದ್ದರಿಂದ, ಬೆಂಕಿಯಿಲ್ಲದೆ ಅದು ಕುದಿಯುತ್ತದೆ. ಆಳದ ತಣ್ಣೀರು ಹರಿಯುವ ಕೊಳವೆಗಳಿಗೆ ಆ ಆವಿ ತಾಗಿದಾಗ ಸಿಹಿನೀರಾಗಿ ಇಳಿಯುತ್ತದೆ. ನೂರು ಲೀಟರ್ ಒಳಗೆ ಹೋದರೆ ಸಿಹಿಯಾಗುವುದು ಒಂದು ಲೀಟರಿನಷ್ಟು ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಅದೇ ಉಪ್ಪಿನೊಂದಿಗೆ ಕಡಲಿಗೆ ಮರಳುತ್ತದೆ. ನೀರನ್ನು ಪೊರೆಯ ಮೂಲಕ ಒತ್ತಿ ಸೋಸುವ ಆರ್‌ಒ ಘಟಕಗಳಂತೆ ಗಟ್ಟಿ ಉಪ್ಪುನೀರನ್ನು ಹೊರಗೆ ಬಿಡುವುದಿಲ್ಲ. ಹವಳ ಬೆಳೆಯುವ ಕಡಲಿಗೆ ಇದು ದೊಡ್ಡ ಉಪಕಾರ.

ಈ ದ್ವೀಪಗಳು ಕಡಲೊಳಗೆ ಗೋಡೆಯಂತೆ ಕಡಿದಾಗಿ ಇಳಿಯುವುದರಿಂದ ದಡದಿಂದ ಕೆಲವೇ ನೂರು ಮೀಟರಿನಲ್ಲಿ ಆ ತಣ್ಣೀರು ಸಿಗುತ್ತದೆ. ನಮ್ಮ ಮಂಗಳೂರಿನಿಂದಾದರೆ ಅದಕ್ಕಾಗಿ ಹತ್ತಾರು ಕಿಲೋಮೀಟರ್ ಹೋಗಬೇಕು.

ತಂಪನ್ನು ಕಡಲು ಪುಕ್ಕಟೆ ಕೊಡುತ್ತದೆ, ಪಂಪಿಗೆ ಮಾತ್ರ ಕರೆಂಟು ಬೇಕು. 1 ಲಕ್ಷ ಲೀಟರ್ ಸಿಹಿನೀರಿಗೆ ಕೋಟಿ ಲೀಟರಿನಷ್ಟು ಮೇಲ್ನೀರನ್ನು ಎತ್ತಬೇಕು, ಅದರ ಜೊತೆಗೆ ಆಳದ ನೀರು, ಗಾಳಿ ಎಳೆಯುವ ಪಂಪ್ ಬೇರೆ. ಲೀಟರಿನ ಲೆಕ್ಕದಲ್ಲಿ ಆರ್‌ಒಗಿಂತ ಇದಕ್ಕೆ ಹೆಚ್ಚು ವಿದ್ಯುತ್ ಬೇಕೆಂಬುದು ನಿಜ. ಆ ವಿದ್ಯುತ್ತಿನ ಬಹುಪಾಲು ಹಡಗಿನಲ್ಲಿ ಸಾಗಿಸಿದ ಡೀಸೆಲಿನಿಂದ ಬರುತ್ತದೆ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಮ್ಮ ಮಂಜಿಗಳು ಹೊರಡುವಂತಿಲ್ಲ. ಮಳೆಗಾಲಕ್ಕೆ ಮುಂಚೆ ಬಂದ ಒಬ್ಬ ತಂಡೇಲರು (ದೋಣಿಯ ಮುಖ್ಯಸ್ಥರು), “ಬೆಲ್ಟು ಎರಡು ಹೆಚ್ಚಿಗೆ ಕೊಡಿ, ನಡುವೆ ತುಂಡಾದರೆ ನಿಮ್ಮನ್ನು ಎಲ್ಲಿ ಹುಡುಕಲಿ?” ಎಂದಿದ್ದರು. ಉಪ್ಪುಗಾಳಿ ರೇಡಿಯೇಟರನ್ನು ಹೇಗೆ ತಿನ್ನುತ್ತದೆಂದು ನಾನು ಕೈಯಾರೆ ಮುಟ್ಟಿ ನೋಡಿದವನು. ಆ ಮಾತು ನನ್ನನ್ನು ಬಹಳ ಕಾಡಿತು.

ಅದೇ ಬಿಸಿ-ತಂಪಿನ ಅಂತರದಿಂದ ಟರ್ಬೈನ್ ತಿರುಗಿಸಿ ಸ್ಥಾವರಕ್ಕೆ ಬೇಕಾದ ವಿದ್ಯುತ್ತನ್ನು ಅಲ್ಲೇ ಹುಟ್ಟಿಸಲು ಕವರತ್ತಿಗೆಂದು 65 ಕಿಲೋವ್ಯಾಟ್‌ನ ಯೋಜನೆಯನ್ನು ಅದೇ ಸಂಸ್ಥೆ ರೂಪಿಸಿದೆ. ಹಗಲಿರುಳೂ ಮಳೆಗಾಲದಲ್ಲೂ ನಡೆಯಬಲ್ಲ ದಾರಿ ಅದು. ಆದರೆ ಸುಲಭವಲ್ಲ: ಈ ಹಿಂದೆ ತೂತ್ತುಕುಡಿಯ ಕಡಲಿನಲ್ಲಿ ಇಂಥ ತೇಲುವ ಸ್ಥಾವರಕ್ಕೆ ಉದ್ದನೆಯ ತಣ್ಣೀರಿನ ಕೊಳವೆ ಇಳಿಸಲು ಹೋದ ಪ್ರಯತ್ನ ಕೈಗೂಡಲಿಲ್ಲ.

ಆದ್ದರಿಂದ ಅದಕ್ಕಾಗಿ ಕಾದು ಕೂರುವುದು ಬೇಡ. 2024ರ ಜನವರಿಯಲ್ಲಿ ಕವರತ್ತಿಯಲ್ಲಿ ಬ್ಯಾಟರಿ ಸಹಿತ ಸೌರ ಸ್ಥಾವರ ಉದ್ಘಾಟನೆಯಾಯಿತು. ಎಲ್ಲ ದ್ವೀಪ ಸೇರಿ 32 ಚದರ ಕಿಲೋಮೀಟರ್. ತೆಂಗಿನ ತೋಟ ಕಡಿದು ಫಲಕ ಹಾಸುವುದು ಅನ್ಯಾಯ. ಶಾಲೆ, ಆಸ್ಪತ್ರೆ, ಗೋದಾಮುಗಳ ಮಾಡು (ಛಾವಣಿ) ಸಾಕಷ್ಟಿದೆ. ಬಿಸಿಲಿರುವಾಗ ಪಂಪ್ ಪೂರ್ತಿ ಓಡಿಸಿ ದೊಡ್ಡ ಟ್ಯಾಂಕಿಗಳನ್ನು ತುಂಬಿಸಿಟ್ಟರೆ ರಾತ್ರಿಗೆ ಬ್ಯಾಟರಿಯೂ ಅಷ್ಟು ಬೇಕಾಗುವುದಿಲ್ಲ. ಮಳೆಗಾಲದ ಮೋಡದ ದಿನಗಳಿಗೆ ಮಾಡಿನ ನೀರನ್ನೇ ಟ್ಯಾಂಕಿಗೆ ಹಿಡಿಯಲಿ. ಬಿಸಿಲು ಸೋತಾಗ ಮಳೆ ಸುರಿಯುತ್ತಿರುತ್ತದೆ. ಬಾವಿಗಳನ್ನೂ ಶುಚಿಯಾಗಿಟ್ಟುಕೊಂಡು ಸ್ನಾನ, ಬಟ್ಟೆ ಒಗೆಯುವುದಕ್ಕೆ ಹದವಾಗಿ ಬಳಸಿದರೆ, ಅಷ್ಟು ನೀರನ್ನು ಸ್ಥಾವರದಿಂದ ತೆಗೆಯುವ ಹೊರೆ ತಪ್ಪುತ್ತದೆ.