ನಿವೃತ್ತಿ ಹಣವನ್ನು ಡಿಬೆಂಚರಿಗೆ ಹಾಕಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ದಾವಣಗೆರೆಯಲ್ಲಿ ನಾನು ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಜೂನ್, ಜುಲೈ ಬಂತೆಂದರೆ ಆಫೀಸಿಗೆ ಬರುವವರಲ್ಲಿ ನಿವೃತ್ತರೇ ಜಾಸ್ತಿ. ಪಾಸ್‌ಬುಕ್ಕು, ಬಡ್ಡಿ ಸರ್ಟಿಫಿಕೇಟು ಎಲ್ಲ ನೋಡಿ ರಿಟರ್ನಿನ ಮಾತು ಮುಗಿಯುತ್ತದೆ. ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಲ್ರೀ ಸರ್, ಬ್ಯಾಂಕ್ ಬಡ್ಡಿ ಏನೂ ಸಾಲ್ತಿಲ್ಲ. ಈ ಡಿಬೆಂಚರು, ಪ್ರಿಫರೆನ್ಸ್ ಶೇರು ಅಂತಾರಲ್ಲ, ಅದಕ್ಕೆ ಹಾಕಿದ್ರೆ ತಿಂಗಳಾ ತಿಂಗಳಾ ದುಡ್ಡು ಬರುತ್ತಂತೆ. ಹಾಕಬಹುದೇನ್ರೀ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆ ನಡೆಸುವ ದುಡ್ಡನ್ನು ಹಾಕಬೇಡಿ. ಅದನ್ನು ಬೇರೆ ತೆಗೆದಿಟ್ಟ ಮೇಲೂ ಉಳಿದಿದ್ದರೆ, ಅದರಲ್ಲಿ ಸ್ವಲ್ಪ ಭಾಗವನ್ನು ಒಳ್ಳೆಯ ಡಿಬೆಂಚರುಗಳಿಗೆ ಹಂಚಿ ಹಾಕಬಹುದು. ಪ್ರಿಫರೆನ್ಸ್ ಶೇರನ್ನು ಪಿಂಚಣಿಯ ಜಾಗದಲ್ಲಿ ಇಡಲೇಬೇಡಿ.

ಈ ಪ್ರಶ್ನೆ ಕೇಳುವವರು ದುರಾಸೆಯಿಂದ ಕೇಳುವುದಿಲ್ಲ. 2006ರ ಏಪ್ರಿಲ್ 1ಕ್ಕಿಂತ ಮೊದಲು ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಇದೆ. ಅವರಿಗೆ ಅಷ್ಟು ಚಿಂತೆ ಇಲ್ಲ. ಕೇಳುವವರು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದವರು, ಹರಿಹರದ ಕಡೆ ಕಾರ್ಖಾನೆಗಳಲ್ಲಿ ದುಡಿದವರು, ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆದವರು. ಪಿಎಫ್ ಕಚೇರಿಯ ಇಪಿಎಸ್ ಪಿಂಚಣಿ ಎಷ್ಟು ಅಂತ ನಿಮಗೂ ಗೊತ್ತಲ್ವಾ? ಅದರ ಕನಿಷ್ಠ ಮೊತ್ತ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಆಯಿತು. ಬಿಪಿ, ಶುಗರ್ ಮಾತ್ರೆಗೇ ಅದು ಸಾಲುವುದಿಲ್ಲ. ಹಾಗಾಗಿ ಕೈಗೆ ಬಂದ ಪಿಎಫ್, ಗ್ರಾಚ್ಯುಟಿಯ ಗಂಟೇ ಅವರಿಗೆ ಉಳಿದ ಆಯುಷ್ಯದ ಸಂಬಳ. ಒಂದು ಪರ್ಸೆಂಟ್ ಹೆಚ್ಚು ಬಡ್ಡಿ ಎಲ್ಲಿ ಸಿಗುತ್ತದೆ ಅಂತ ಅವರು ಹುಡುಕುವುದು ಸಹಜ. ಅದಕ್ಕೇ ಈ ಪ್ರಶ್ನೆಗೆ ನಾನು ಅವಸರದಲ್ಲಿ ಉತ್ತರ ಹೇಳಿ ಕಳಿಸುವುದಿಲ್ಲ.

ಡಿಬೆಂಚರು ಅಂದರೆ ನೀವು ಕಂಪನಿಗೆ ಕೊಡುವ ಸಾಲ. ಈಗ ಜನರಿಗೆ ಸಿಗುವುದು ಹೆಚ್ಚಾಗಿ ಎನ್‌ಸಿಡಿ, ಅಂದರೆ ಮುಂದೆ ಶೇರಾಗಿ ಬದಲಾಗದ ಡಿಬೆಂಚರು. ಚಿನ್ನದ ಸಾಲ, ವಾಹನ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ಇವನ್ನು ಆಗಾಗ ಸಾರ್ವಜನಿಕರಿಗೆ ಕೊಡುತ್ತವೆ. ಒಂದರ ಮುಖಬೆಲೆ ಸಾಮಾನ್ಯವಾಗಿ 1,000 ರೂಪಾಯಿ, ಕನಿಷ್ಠ 10,000 ಹಾಕಬೇಕು. ಡಿಮ್ಯಾಟ್ ಖಾತೆ, ಅಂದರೆ ಶೇರು, ಡಿಬೆಂಚರುಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಖಾತೆ ಬೇಕು. ಬಡ್ಡಿಯನ್ನು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಥವಾ ಕೊನೆಯಲ್ಲಿ ಒಟ್ಟಿಗೆ ತೆಗೆದುಕೊಳ್ಳಬಹುದು. ತಿಂಗಳ ಬಡ್ಡಿಯ ದರ ಸ್ವಲ್ಪ ಕಡಿಮೆ ಕಾಣುತ್ತದೆ. ವರ್ಷಕ್ಕೆ ಶೇ 9 ಅನ್ನುವುದೂ, ತಿಂಗಳ ಲೆಕ್ಕದಲ್ಲಿ ಶೇ 8.65 ಅನ್ನುವುದೂ ಹೆಚ್ಚುಕಮ್ಮಿ ಒಂದೇ. ಅದರಲ್ಲಿ ಮೋಸವಿಲ್ಲ.

ಕಂಪನಿಗೆ ಲಾಭ ಬರಲಿ, ನಷ್ಟವಾಗಲಿ, ಡಿಬೆಂಚರಿನ ಬಡ್ಡಿ ಕೊಡಲೇಬೇಕು. ಕೊಡದಿದ್ದರೆ ಅದು ಸುಸ್ತಿ. ನಿಮ್ಮ ಪರವಾಗಿ ಕೇಳುವುದಕ್ಕೆ ಡಿಬೆಂಚರ್ ಟ್ರಸ್ಟಿ ಅಂತ ಒಬ್ಬರಿರುತ್ತಾರೆ.

ಪ್ರಿಫರೆನ್ಸ್ ಶೇರಿನ ಕಥೆಯೇ ಬೇರೆ. ಅದು ಸಾಲವಲ್ಲ, ಶೇರು. ಅದಕ್ಕೆ ಸಿಗುವುದು ಡಿವಿಡೆಂಡ್. ಲಾಭವಿದ್ದರೆ ಮಾತ್ರ ಕೊಡಬಹುದು. ಕೊಡದಿದ್ದರೆ ಕಂಪನಿ ಸುಸ್ತಿದಾರ ಆಗುವುದಿಲ್ಲ. ಕ್ಯುಮುಲೇಟಿವ್ ಆಗಿದ್ದರೆ ಈ ವರ್ಷದ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಹೋದದ್ದು ಹೋಯಿತು. ಎರಡು ವರ್ಷ ಡಿವಿಡೆಂಡ್ ಬರದೇ ಇದ್ದರೆ ಕಂಪನಿಯ ಸಭೆಯಲ್ಲಿ ಎಲ್ಲ ವಿಷಯಕ್ಕೂ ವೋಟು ಹಾಕುವ ಹಕ್ಕು ಸಿಗುತ್ತದೆ. ಆದರೆ ಅರವತ್ತೈದು ವರ್ಷದವರಿಗೆ ಬೇಕಾಗಿರುವುದು ವೋಟಲ್ಲ, ದುಡ್ಡು. 2013ರ ಕಂಪನಿ ಕಾಯ್ದೆಯ ಪ್ರಕಾರ ಇಂಥ ಶೇರಿನ ಅಸಲನ್ನು ಸಾಮಾನ್ಯವಾಗಿ 20 ವರ್ಷದೊಳಗೆ ವಾಪಸ್ ಕೊಡಬೇಕು. ಆ ವಾಪಸ್ ಹಣವೂ ಕಂಪನಿಯ ಲಾಭದಿಂದ ಬರಬೇಕು, ಇಲ್ಲವೇ ಹೊಸ ಶೇರು ಮಾರಿದ ಹಣದಿಂದ ಬರಬೇಕು. ಎರಡೂ ಇಲ್ಲದಿದ್ದರೆ ಕಾಯುತ್ತ ಕೂರಬೇಕಾಗುತ್ತದೆ.

ಇದು ನಮ್ಮೂರಿನ ತಲೆಗೆ ಹೇಗೆ ಬಂತು ಅಂದರೆ, ಮಕ್ಕಳಿಂದ. ಎಂಸಿಸಿ ಬಡಾವಣೆ, ವಿದ್ಯಾನಗರದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿ ಬ್ಯಾಂಕುಗಳು 25 ಡಾಲರ್ ಮುಖಬೆಲೆಯ ಪ್ರಿಫರ್ಡ್ ಶೇರುಗಳನ್ನು ಪೇಟೆಯಲ್ಲಿ ಮಾರುತ್ತವೆ, ನಿವೃತ್ತರು ಕೊಳ್ಳುತ್ತಾರೆ. ಮಗ ಫೋನಿನಲ್ಲಿ ಅದನ್ನು ಹೇಳುತ್ತಾನೆ, ಅಪ್ಪ ನನ್ನ ಹತ್ತಿರ ಬಂದು ಕೇಳುತ್ತಾರೆ. ನಮ್ಮಲ್ಲಿ ಸಾಮಾನ್ಯ ಜನ ಕೊಳ್ಳುವಂಥ ಪ್ರಿಫರೆನ್ಸ್ ಶೇರು ಪೇಟೆಯಲ್ಲಿ ಸಿಗುವುದೇ ಅಪರೂಪ. 2014ರಲ್ಲಿ ಝೀ ಕಂಪನಿ ತನ್ನ ಶೇರುದಾರರಿಗೆ ಶೇ 6ರ ಪ್ರಿಫರೆನ್ಸ್ ಶೇರುಗಳನ್ನು ಬೋನಸ್ಸಾಗಿ ಕೊಟ್ಟಿದ್ದನ್ನು ಕೆಲವರು ನೆನೆಯಬಹುದು. ಅಂಥವು ಬೆರಳೆಣಿಕೆ. ಇನ್ನು ಅಮೆರಿಕದಲ್ಲೂ ಅದು ಭದ್ರ ಅಂತೇನಿಲ್ಲ. 2023ರಲ್ಲಿ ಫಸ್ಟ್ ರಿಪಬ್ಲಿಕ್ ಬ್ಯಾಂಕ್ ಬಿದ್ದಾಗ ಠೇವಣಿದಾರರ ಹಣ ಉಳಿಯಿತು, ಪ್ರಿಫರ್ಡ್ ಶೇರು ಹಿಡಿದವರ ಹಣ ಹೋಯಿತು.

ಯಾಕೆ ಹಾಗೆ? ಕಂಪನಿ ಮುಳುಗಿದಾಗ ಉಳಿದ ಆಸ್ತಿಯನ್ನು ಹಂಚುವುದು ಮದುವೆ ಮನೆಯ ಪಂಕ್ತಿಯ ಹಾಗೆ. ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯದು, ಅದು ಎದ್ದ ಮೇಲೆ ಮೂರನೆಯದು. ಕೊನೆಯವರಿಗೆ ಪಾತ್ರೆಯಲ್ಲಿ ಏನು ಉಳಿದಿದೆಯೋ ಅದು. ನಮ್ಮ 2016ರ ದಿವಾಳಿ ಕಾಯ್ದೆ ಈ ಸಾಲನ್ನು ಬರೆದಿಟ್ಟಿದೆ. ದಿವಾಳಿ ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಆಸ್ತಿಯ ಭದ್ರತೆ ಇರುವ ಸಾಲ. ಸೆಕ್ಯೂರ್ಡ್ ಡಿಬೆಂಚರಿನವರು ಇಲ್ಲಿ ಬರುತ್ತಾರೆ. ಅವರ ನಂತರ ಉಳಿದ ನೌಕರರು, ಆಮೇಲೆ ಭದ್ರತೆ ಇಲ್ಲದ ಡಿಬೆಂಚರಿನವರು, ಆಮೇಲೆ ಸರ್ಕಾರದ ತೆರಿಗೆ, ಉಳಿದ ಸಾಲಗಳು. ಇವೆಲ್ಲ ಮುಗಿದ ಮೇಲೆ ಪ್ರಿಫರೆನ್ಸ್ ಶೇರಿನವರು. ಅವರ ಹಿಂದೆ ಸಾಮಾನ್ಯ ಶೇರುದಾರರು ಮಾತ್ರ.

ಹಾಗಂತ ಸೆಕ್ಯೂರ್ಡ್ ಅಂದ ತಕ್ಷಣ ನಿಶ್ಚಿಂತೆಯಲ್ಲ. ಭದ್ರತೆ ಅಂದರೆ ಕಂಪನಿಯ ಹೆಸರಲ್ಲಿ ಜಮೀನು, ಕಟ್ಟಡ ಇರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಫೈನಾನ್ಸ್ ಕಂಪನಿಯಲ್ಲಿ ಅದು ಹೆಚ್ಚಾಗಿ ಬೇರೆಯವರಿಂದ ವಸೂಲಾಗಬೇಕಾದ ಸಾಲಗಳು. ಆ ಸಾಲಗಳೇ ಕೆಟ್ಟರೆ ಭದ್ರತೆಯೂ ಕೆಟ್ಟಂತೆ.

ಡಿಎಚ್‌ಎಫ್‌ಎಲ್ ಇದಕ್ಕೆ ದೊಡ್ಡ ಉದಾಹರಣೆ. ಮನೆ ಸಾಲ ಕೊಡುತ್ತಿದ್ದ ಈ ಕಂಪನಿ 2018ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಎನ್‌ಸಿಡಿ ಕೊಟ್ಟಾಗ ಅದಕ್ಕೆ ಎಎಎ ರೇಟಿಂಗ್ ಇತ್ತು. ರೇಟಿಂಗ್ ಅಂದರೆ ಸಾಲ ತೀರಿಸುವ ಶಕ್ತಿಗೆ ರೇಟಿಂಗ್ ಸಂಸ್ಥೆಗಳು ಕೊಡುವ ಅಂಕ. ಅದಕ್ಕಿಂತ ಮೇಲಿನ ರೇಟಿಂಗ್ ಇಲ್ಲವೇ ಇಲ್ಲ. ಒಂದು ವರ್ಷ ಕಳೆಯಿತು. 2019ರ ಜೂನಿನಲ್ಲಿ ಬಡ್ಡಿ ಕಟ್ಟುವುದು ತಪ್ಪಿತು, ರೇಟಿಂಗ್ ಸುಸ್ತಿಯ ಗುರುತಾದ 'ಡಿ'ಗೆ ಇಳಿಯಿತು. ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಆಡಳಿತ ಮಂಡಳಿಯನ್ನು ತೆಗೆದು ದಿವಾಳಿ ಪ್ರಕ್ರಿಯೆಗೆ ಕಳಿಸಿತು. 2021ರಲ್ಲಿ ಪಿರಮಲ್ ಕಂಪನಿ ಅದನ್ನು ಕೊಂಡಿತು. ಹಣ ಹಾಕಿದ ತುಂಬಾ ಜನರಿಗೆ ಅಸಲು ಪೂರ್ತಿ ಬರಲಿಲ್ಲ. ಬಂದಷ್ಟೂ ಎರಡು ವರ್ಷ ತಡವಾಗಿ ಬಂತು. ನಿವೃತ್ತರಿಗೆ ಆ ಎರಡು ವರ್ಷವೇ ದೊಡ್ಡ ಹೊಡೆತ, ಬಡ್ಡಿ ನಿಂತರೆ ಆ ತಿಂಗಳ ದಿನಸಿ ನಿಲ್ಲುತ್ತದೆ. ರಸ್ತೆಯಂಥ ದೊಡ್ಡ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ಎಫ್‌ಎಸ್ ಕಂಪನಿ ಕೂಡ ಹಾಗೇ, 2018ರ ಬೇಸಿಗೆಯಲ್ಲಿ ಎಎಎ, ಸೆಪ್ಟೆಂಬರಿನಲ್ಲಿ ಸುಸ್ತಿ. ರೇಟಿಂಗ್ ನೋಡಲೇಬೇಕು, ಆದರೆ ಅದನ್ನೇ ನಂಬಿ ಮಲಗಬಾರದು.

ಯೆಸ್ ಬ್ಯಾಂಕಿನದು ಇನ್ನೂ ನೋವಿನ ಪ್ರಕರಣ. ಅದು ಮಾರಿದ ಎಟಿ-1 ಬಾಂಡುಗಳಿಗೆ ಇಂಥ ದಿನ ಅಸಲು ವಾಪಸ್ ಅಂತ ಇರಲಿಲ್ಲ, ಬ್ಯಾಂಕಿಗೆ ತೊಂದರೆ ಬಂದರೆ ಸೊನ್ನೆಯೂ ಆಗಬಹುದಿತ್ತು. 2020ರ ಮಾರ್ಚಿನಲ್ಲಿ 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಸೊನ್ನೆ ಮಾಡಿದರು. ಆ ವ್ಯಾಜ್ಯ ಕೋರ್ಟಿಗೆ ಹೋಯಿತು. ಅವನ್ನು ಗ್ರಾಹಕರಿಗೆ 'ಸೂಪರ್ ಎಫ್‌ಡಿ' ಅಂತ ಹೇಳಿ ಮಾರಿದ್ದರು ಎಂದು ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರ ಆದೇಶದಲ್ಲಿ ಬರೆಯಿತು. ಕೊಂಡವರಲ್ಲಿ ವಯಸ್ಸಾದವರೂ ಇದ್ದರು. ಈಗ ಅಂಥ ಬಾಂಡಿನ ಕನಿಷ್ಠ ಮೊತ್ತವನ್ನು ಸೆಬಿ 1 ಕೋಟಿ ಮಾಡಿದೆ. ಎಫ್‌ಡಿ ಥರವೇ, ಬಡ್ಡಿ ಮಾತ್ರ ಜಾಸ್ತಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಅಲ್ಲೇ ಮಾತು ನಿಲ್ಲಿಸಿ. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಡಿಬೆಂಚರಿಗೆ ಒಂದು ರೂಪಾಯಿಯದ್ದೂ ಇಲ್ಲ.

ಈಗ ನಾನು ಎಲ್ಲರಿಗೂ ಹಾಳೆಯ ಮೇಲೆ ಬರೆದು ತೋರಿಸುವ ಲೆಕ್ಕ. 10 ಲಕ್ಷ ಇದೆ. ಬ್ಯಾಂಕಿನಲ್ಲಿ ಶೇ 7.5 ಸಿಗುತ್ತದೆ, ಎನ್‌ಸಿಡಿಯಲ್ಲಿ ಶೇ 9 ಅಂದುಕೊಳ್ಳೋಣ. ವ್ಯತ್ಯಾಸ ವರ್ಷಕ್ಕೆ 15,000, ಅಂದರೆ ತಿಂಗಳಿಗೆ 1,250 ರೂಪಾಯಿ. ತೆರಿಗೆ ಕಟ್ಟುವವರಿಗೆ ಇನ್ನೂ ಕಡಿಮೆ, ಯಾಕೆಂದರೆ ಎರಡೂ ಬಡ್ಡಿ ನಿಮ್ಮ ಸ್ಲ್ಯಾಬಿನ ದರಕ್ಕೇ ಬೀಳುತ್ತವೆ. ಆ 10 ಲಕ್ಷವನ್ನು ಒಂದೇ ಕಂಪನಿಗೆ ಹಾಕಿ, ಅದು ಮುಳುಗಿ ಅರ್ಧ ಹೋಯಿತು ಅಂದರೆ 5 ಲಕ್ಷ ನಷ್ಟ. ವರ್ಷಕ್ಕೆ 15,000 ಹೆಚ್ಚು ಬಡ್ಡಿಯಿಂದ ಅದನ್ನು ತುಂಬಿಕೊಳ್ಳಲು 33 ವರ್ಷ ಬೇಕು. ಅರವತ್ತು ದಾಟಿದವರ ಕೈಯಲ್ಲಿ ಅಷ್ಟು ವರ್ಷ ಇರುವುದಿಲ್ಲ. ಇಷ್ಟು ಬರೆದು ತೋರಿಸಿದ ಮೇಲೆ ಬಹಳ ಜನ ಸುಮ್ಮನಾಗಿ ಯೋಚನೆ ಮಾಡುತ್ತಾರೆ.

ಹಾಗಾದರೆ ಮನೆ ಖರ್ಚಿನ ದುಡ್ಡು ಎಲ್ಲಿಡಬೇಕು? ಮೊದಲು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲಿನಲ್ಲಿ ಅದರ ಮಿತಿ ಒಬ್ಬರಿಗೆ 30 ಲಕ್ಷ ಆಯಿತು, ಬಡ್ಡಿ ಶೇ 8.2 ಆಯಿತು. 30 ಲಕ್ಷಕ್ಕೆ ಆ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ತಿಂಗಳಿಗೆ ಹಂಚಿದರೆ 20,500. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಆದರೆ ನೀವು ಸೇರಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಹೆಂಡತಿಗೂ ಅರವತ್ತಾಗಿದ್ದರೆ ಅವರ ಹೆಸರಲ್ಲಿ ಬೇರೆ ಖಾತೆ ತೆರೆಯಬಹುದು. ಆಮೇಲೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ, ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ. ಇನ್ನೂ ಇದ್ದರೆ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ದರದ ಬಾಂಡು. ಅದಕ್ಕೆ ಏಳು ವರ್ಷ ಅವಧಿ, ಆರು ತಿಂಗಳಿಗೊಮ್ಮೆ ಬಡ್ಡಿ, ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರದ (ಎನ್‌ಎಸ್‌ಸಿ) ದರಕ್ಕಿಂತ ಶೇ 0.35 ಹೆಚ್ಚು, ಗರಿಷ್ಠ ಮಿತಿ ಇಲ್ಲ.

ಸರ್ಕಾರದ ಭರವಸೆ ಇರುವ ಕಡೆಯೇ ಶೇ 8ರ ಆಸುಪಾಸು ಸಿಗುವಾಗ, ಶೇ 9ಕ್ಕೋಸ್ಕರ ಕಂಪನಿಯ ಬಾಗಿಲಿಗೆ ಮೊದಲು ಹೋಗುವುದು ಯಾಕೆ? ಈ ಮಿತಿಗಳೆಲ್ಲ ತುಂಬಿ, ಆಸ್ಪತ್ರೆ ಖರ್ಚಿಗೂ ಒಂದಿಷ್ಟು ಎಫ್‌ಡಿಯಲ್ಲಿ ಇಟ್ಟು, ಮೇಲೂ ಉಳಿಯುವವರು ನಮ್ಮೂರಲ್ಲಿ ಕಡಿಮೆ. ಹಾಗೆ ಉಳಿದವರಿಗೆ ಮಾತ್ರ ಮುಂದಿನ ಮಾತು.

ಒಂದೇ ಕಂಪನಿಗೆ ಹಾಕಬೇಡಿ, ನಾಲ್ಕೈದಕ್ಕೆ ಹಂಚಿ. ಎಲ್ಲವೂ ಫೈನಾನ್ಸ್ ಕಂಪನಿಗಳೇ ಆಗಿದ್ದರೆ ಹಂಚಿದರೂ ಪೂರ್ತಿ ಉಪಯೋಗವಿಲ್ಲ, ಒಂದು ಬಿದ್ದಾಗ ಉಳಿದವೂ ಅಲುಗಾಡುತ್ತವೆ. ಅವಧಿ ಮೂರು ವರ್ಷದೊಳಗಿರಲಿ. ನಡುವೆ ಮಾರಬಹುದಲ್ಲ, ಶೇರುಪೇಟೆಯಲ್ಲಿ ಲಿಸ್ಟ್ ಆಗಿರುತ್ತದಲ್ಲ ಅಂತ ಕೇಳುತ್ತಾರೆ. ಲಿಸ್ಟ್ ಆಗಿರುತ್ತದೆ, ಆದರೆ ಕೊಳ್ಳುವವರೇ ಇರುವುದಿಲ್ಲ. ಅವಸರದಲ್ಲಿ ಮಾರಿದರೆ ಕಡಿಮೆ ಬೆಲೆಗೆ ಕೊಡಬೇಕಾಗುತ್ತದೆ. ಇನ್ನು 2023ರ ಏಪ್ರಿಲಿನಿಂದ ಲಿಸ್ಟ್ ಆದ ಡಿಬೆಂಚರಿನ ಬಡ್ಡಿಯಲ್ಲೂ ಟಿಡಿಎಸ್, ಅಂದರೆ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ತೆರಿಗೆ ಬಾರದವರು ಬ್ಯಾಂಕಿಗೆ ಕೊಡುವ ಹಾಗೆ ಇಲ್ಲೂ ಘೋಷಣೆಯ ಫಾರಂ ಕೊಡಬೇಕು.

ಕಾಗದದ ಮೇಲೆ ಮುದ್ರೆ ಒತ್ತಿ ಡಿಬೆಂಚರ್ ಸರ್ಟಿಫಿಕೇಟು ಅಂತ ಮನೆಗೇ ತಂದುಕೊಡುವವರ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಸಹಾರಾದ ಎರಡು ಕಂಪನಿಗಳು ಹೀಗೆ ಶೇರಾಗಿ ಬದಲಾಯಿಸಿಕೊಳ್ಳಬಹುದಾದ ಡಿಬೆಂಚರುಗಳನ್ನು ದೇಶದ ತುಂಬ ಏಜೆಂಟರ ಮೂಲಕ ಮಾರಿದವು. ಅದು ಖಾಸಗಿ ವ್ಯವಹಾರ ಅಂತ ವಾದಿಸಿದವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2012ರ ಆಗಸ್ಟ್ 31ರಂದು ಶೇ 15 ಬಡ್ಡಿ ಸೇರಿಸಿ ಹಣ ವಾಪಸ್ ಕೊಡಿ ಎಂದು ಆದೇಶಿಸಿತು. ಆದೇಶ ಬಂದರೂ ಜನ ವರ್ಷಗಟ್ಟಲೆ ಕಾದರು. ಏಜೆಂಟರು ಹೆಚ್ಚಾಗಿ ನಮ್ಮದೇ ಬೀದಿಯವರು, ನೆಂಟರು. ಅವರ ಮೇಲಿನ ನಂಬಿಕೆಯಿಂದಲೇ ಜನ ಕೊಡುತ್ತಾರೆ. ನೀವು ಎರಡು ಪ್ರಶ್ನೆ ಕೇಳಿ. ಇದು ನನ್ನ ಡಿಮ್ಯಾಟ್ ಖಾತೆಗೆ ಬರುತ್ತದಾ? ಇದರ ಐಎಸ್ಐಎನ್ ನಂಬರ್ ಏನು? ಭಾರತದ ಕಂಪನಿಯ ಡಿಬೆಂಚರಾದರೆ ಅದು 'ಐಎನ್‌ಇ' ಅಂತ ಶುರುವಾಗುವ 12 ಅಕ್ಷರ ಮತ್ತು ಅಂಕಿಗಳ ಗುರುತು. ಉತ್ತರ ತಡವರಿಸಿದರೆ ಚೆಕ್ ಬರೆಯಬೇಡಿ, ಅವರು ಸೋದರಮಾವನೇ ಆಗಿರಲಿ.

ಕೊನೆಯದಾಗಿ ಹೆಣ್ಣುಮಕ್ಕಳ ಪರವಾಗಿ ಒಂದು ಮಾತು. ಯಜಮಾನರು ಮೊಬೈಲಿನಲ್ಲೇ ಎಲ್ಲ ಕೊಂಡಿರುತ್ತಾರೆ. ಅವರು ಹೋದ ಮೇಲೆ ಹೆಂಡತಿಗೆ ಯಾವ ಕಂಪನಿ, ಎಷ್ಟು, ಯಾವಾಗ ಬರುತ್ತದೆ ಅಂತ ಒಂದೂ ಗೊತ್ತಿರುವುದಿಲ್ಲ. ಬಡ್ಡಿ ಬರುತ್ತಿದ್ದ ಬ್ಯಾಂಕ್ ಖಾತೆ ಮುಚ್ಚಿದರೆ ಹಣ ಕಂಪನಿಗೆ ವಾಪಸ್ ಹೋಗುತ್ತದೆ. ಅವಧಿ ಮುಗಿದ ಡಿಬೆಂಚರಿನ ಹಣವನ್ನು ಏಳು ವರ್ಷ ಯಾರೂ ಕೇಳದಿದ್ದರೆ ಅದು ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತದೆ. ಅಲ್ಲಿಂದ ಬಿಡಿಸಿಕೊಳ್ಳಲು ಅರ್ಜಿ, ದಾಖಲೆ ಅಂತ ತುಂಬಾ ಓಡಾಡಬೇಕು. ಆದ್ದರಿಂದ ಡಿಮ್ಯಾಟ್ ಖಾತೆಗೆ ನಾಮಿನಿ ಹೆಸರು ಹಾಕಿದ್ದೀರಾ ಅಂತ ಇವತ್ತೇ ನೋಡಿಕೊಳ್ಳಿ. ಬಡ್ಡಿ ಬರುವುದು ಇಬ್ಬರ ಜಂಟಿ ಖಾತೆಗೆ ಆಗಲಿ. ಕಂಪನಿಯ ಹೆಸರು, ಮೊತ್ತ, ಅವಧಿ ಮುಗಿಯುವ ದಿನಾಂಕ ಇಷ್ಟನ್ನು ಕನ್ನಡದಲ್ಲೇ ಒಂದು ಪುಸ್ತಕದಲ್ಲಿ ಬರೆದು, ಬೀರುವಿನಲ್ಲಿ ಎಲ್ಲಿಟ್ಟಿದ್ದೀರಿ ಅಂತ ಹೆಂಡತಿಗೆ ತೋರಿಸಿ.