ಲಿನಕ್ಸ್ ಹಾಕಿಕೊಂಡ ಮೇಲೆ ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಲಿ?

"ವಿಂಡೋಸ್ ಕೈಕೊಟ್ಟರೆ ಗೊತ್ತಿದ್ದವರು ಯಾರಾದರೂ ಸಿಗುತ್ತಿದ್ದರು. ಲಿನಕ್ಸ್‌ಗೆ ಬಂದರೆ ಯಾರನ್ನು ಕೇಳಲಿ?" ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲಂತೂ ಈ ಪ್ರಶ್ನೆ ಬಿಟ್ಟೂಬಿಡದೆ ಬರುತ್ತಿದೆ. ಲ್ಯಾಪ್‌ಟಾಪ್ ಇನ್ನೂ ಗಟ್ಟಿಯಾಗಿದೆ, ವಿಂಡೋಸ್ 11 ಅದರ ಮೇಲೆ ಕೂರುವುದಿಲ್ಲ, ಎಸೆಯಲು ಮನಸ್ಸಿಲ್ಲ. ಉಳಿದ ದಾರಿ ಎಂದರೆ ವಿಂಡೋಸ್ ಬದಲು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವುದು.

ಕೇಳಲು ಜಾಗಗಳು ಬೇಕಾದಷ್ಟಿವೆ. ಆದರೆ ಲಿನಕ್ಸ್ ಎಂಬ ಒಂದೇ ಹೆಸರಿನಡಿ ನೂರಾರು ವಿತರಣೆಗಳಿವೆ (ಬೇರೆ ಬೇರೆ ತಂಡಗಳು ತಮ್ಮದೇ ರೀತಿಯಲ್ಲಿ ಕಟ್ಟಿಕೊಡುವ ರೂಪಗಳು). ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. "ನನ್ನ ಲಿನಕ್ಸ್‌ನಲ್ಲಿ ವೈಫೈ ಬರುತ್ತಿಲ್ಲ" ಎನ್ನುವುದೂ "ನನ್ನ ಗಾಡಿ ಓಡುತ್ತಿಲ್ಲ" ಎನ್ನುವುದೂ ಒಂದೇ. ಸೈಕಲ್ಲೋ ಲಾರಿಯೋ ಕೇಳಿದವರಿಗೆ ತಿಳಿಯದು. ಹಾಗಾಗಿ ನನ್ನ ಉತ್ತರದ ಬಹುಪಾಲು ಯಾರನ್ನು ಕೇಳಬೇಕು ಎನ್ನುವುದಕ್ಕಿಂತ ಏನನ್ನು ಹಿಡಿದುಕೊಂಡು ಹೋಗಿ ಕೇಳಬೇಕು ಎನ್ನುವುದರ ಬಗ್ಗೆಯೇ ಇದೆ. (ಇಲ್ಲಿ ಕನ್ನಡದಲ್ಲಿ ಬರೆದ ಕಮಾಂಡ್‌ಗಳನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಬೇರೆ ಹೇಳದಿದ್ದರೆ ಸಣ್ಣಕ್ಷರ.)

ವಿತರಣೆ ಆರಿಸುವಾಗಲೇ ನಿಮಗೆ ಸಹಾಯ ಮಾಡುವವರನ್ನೂ ಆರಿಸಿಕೊಂಡಂತೆ. ಚಂದದ ಸ್ಕ್ರೀನ್‌ಶಾಟ್ ನೋಡಿ ಬೆರಳೆಣಿಕೆಯ ಜನ ಬಳಸುವ ವಿತರಣೆ ಹಾಕಿಕೊಂಡರೆ, ತೊಂದರೆ ಬಂದ ದಿನ ಉತ್ತರ ಹೇಳುವವರೂ ಬೆರಳೆಣಿಕೆಯವರೇ. ಮೊದಲ ವರ್ಷಕ್ಕೆ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಅಥವಾ ಲಿನಕ್ಸ್ ಮಿಂಟ್ ಸಾಕು. ಉಬುಂಟುವಿನ ಸಂಖ್ಯೆಯೇ ಅದು ಹೊರಬಂದ ತಿಂಗಳು: 24.04 ಎಂದರೆ 2024ರ ಏಪ್ರಿಲ್. ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ನಡುವೆ ಬರುವ ಆವೃತ್ತಿಗಳಿಗೆ ಒಂಬತ್ತೇ ತಿಂಗಳು, ಹೊಸಬರು ಅವುಗಳ ತಂಟೆಗೆ ಹೋಗಬೇಡಿ. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆಯೇ ನಿಂತಿರುವುದರಿಂದ, ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಅಥವಾ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ತಂತ್ರಾಂಶದ ಕಟ್ಟು) ಬಗ್ಗೆ ಅಲ್ಲಿ ಕೊಟ್ಟ ಉತ್ತರ ಇಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಸೆಟಿಂಗ್ಸ್ ಕಿಟಕಿಗಳ ವಿಷಯ ಮಾತ್ರ ಬೇರೆ. ಉಬುಂಟುವಿನದು ಗ್ನೋಮ್ ಡೆಸ್ಕ್‌ಟಾಪ್, ಮಿಂಟ್‌ನಲ್ಲಿ ಹೆಚ್ಚಿನವರು ಬಳಸುವುದು ಸಿನಮನ್. ಫೆಡೋರಾ ಒಳ್ಳೆಯದೇ, ಆದರೆ ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಪ್ರತಿಯೊಂದಕ್ಕೂ ಹದಿಮೂರು ತಿಂಗಳ ಆಸುಪಾಸು ಆಯಸ್ಸು. ಅಪ್‌ಗ್ರೇಡ್ ಮಾಡುತ್ತಲೇ ಇರಬೇಕು.

ಡಿಸ್ಕ್ ಅಳಿಸುವ ಮುಂಚೆಯೇ ಅರ್ಧ ತೊಂದರೆಗಳನ್ನು ಕಂಡುಹಿಡಿಯಬಹುದು. ಎಂಟು ಜಿಬಿಯ ಪೆನ್‌ಡ್ರೈವ್‌ಗೆ ಇನ್‌ಸ್ಟಾಲರ್ ಬರೆದು ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ, ಬೂಟ್ ಮಾಡಿ. ವೈಫೈ, ಸ್ಪೀಕರ್, ಕ್ಯಾಮೆರಾ, ಬ್ರೈಟ್‌ನೆಸ್ ಕೀಲಿ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೋ ಇಲ್ಲವೋ, ಎಲ್ಲವನ್ನೂ ನೋಡಿ. ವಿಂಡೋಸ್ ಇನ್ನೂ ಬದುಕಿರುವಾಗ ಪ್ರಶ್ನೆ ಕೇಳುವುದು ಸುಲಭ. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ವಿಂಡೋಸ್ ಸೌಲಭ್ಯ) ಚಾಲೂ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸೆಕ್ಯೂರ್ ಬೂಟ್ (ಒಪ್ಪಿದ ಸಹಿಯಿರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಸೆಟಿಂಗ್ ಮುಟ್ಟಿದ ಕೂಡಲೇ ವಿಂಡೋಸ್ ಅದನ್ನು ಕೇಳಬಹುದು. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ, ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ತೆರೆಯಬಹುದಾದ ಮೂಲ ಸೆಟಿಂಗ್ಸ್) ಸ್ಟೋರೇಜ್ 'ಆರ್‌ಎಸ್‌ಟಿ' ಅಥವಾ 'ರೇಡ್' ಎಂದಿದೆಯೇ ನೋಡಿ. ಅದನ್ನು 'ಎಎಚ್‌ಸಿಐ' ಮಾಡಬೇಕಾಗುತ್ತದೆ. ವಿಂಡೋಸನ್ನು ಮೊದಲೇ ಅದಕ್ಕೆ ಅಣಿಮಾಡದೆ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು. ಎರಡನ್ನೂ ಇಟ್ಟುಕೊಳ್ಳುವವರು ಈ ಒಂದು ಹೆಜ್ಜೆಗೆ ಪೂರ್ತಿ ಮಾರ್ಗದರ್ಶಿ ಓದಿಯೇ ಕೈಹಾಕಿ.

ಇನ್ನು ಕೇಳುವಾಗ ಜೊತೆಗಿರಬೇಕಾದದ್ದು ಯಂತ್ರದ ಜಾತಕ: ವಿತರಣೆಯ ಹೆಸರು ಮತ್ತು ಆವೃತ್ತಿ, ಡೆಸ್ಕ್‌ಟಾಪ್ ಯಾವುದು, ಸೆಷನ್ ವೇಲ್ಯಾಂಡ್‌ನದೋ ಎಕ್ಸ್11ರದೋ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎರಡು ವ್ಯವಸ್ಥೆಗಳು), ಹಾರ್ಡ್‌ವೇರ್ ಏನು. ಸ್ಕ್ರೀನ್ ಷೇರ್ ಆಗದಿದ್ದರೆ, ರಿಮೋಟ್ ಡೆಸ್ಕ್‌ಟಾಪ್ ಕೈಕೊಟ್ಟರೆ ಈ ವೇಲ್ಯಾಂಡ್ ವಿಷಯ ಹೇಳದೆ ಮುಂದುವರಿಯುವಂತಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ಕೊಡುವ ಕಮಾಂಡ್ 'ಇಂಕ್ಸಿ' (ಐ, ಎನ್, ಎಕ್ಸ್, ಐ). ಅದರ ನಂತರ ಒಂದು ಜಾಗ ಬಿಟ್ಟು ಹೈಫನ್, ದೊಡ್ಡಕ್ಷರದ ಎಫ್, ಮೂರು ಎಕ್ಸ್, ಕೊನೆಗೊಂದು ಝಡ್ ಹಾಕಿ. ಆ ಝಡ್ ಮರೆಯಬೇಡಿ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸ, ಐಪಿ ವಿಳಾಸಗಳನ್ನು ಮರೆಮಾಡುವುದು ಅದೇ. ಮಿಂಟ್‌ನಲ್ಲಾದರೆ ಸಿಸ್ಟಂ ಇನ್ಫರ್ಮೇಶನ್ ತೆರೆದು ಕಾಪಿ ಒತ್ತಿದರೂ ಈ ಮಾಹಿತಿ ಸಿಗುತ್ತದೆ. ತೊಂದರೆ ಒಂದು ಆ್ಯಪ್‌ನದಾದರೆ ಅದನ್ನು ಎಲ್ಲಿಂದ ಹಾಕಿದಿರಿ ಎಂದೂ ತಿಳಿಸಿ. ಒಂದೇ ಆ್ಯಪ್ ವಿತರಣೆಯ ಪ್ಯಾಕೇಜ್ ಆಗಿ, ಫ್ಲಾಟ್‌ಪ್ಯಾಕ್ ಆಗಿ, ಸ್ನ್ಯಾಪ್ ಆಗಿ ಮೂರು ರೂಪದಲ್ಲಿ ಸಿಗುತ್ತದೆ. ಕೊನೆಯ ಎರಡು ಆ್ಯಪನ್ನು ಉಳಿದ ಸಿಸ್ಟಂನಿಂದ ಪ್ರತ್ಯೇಕವಾಗಿಡುತ್ತವೆ. "ಪೆನ್‌ಡ್ರೈವ್‌ನ ಫೈಲ್ ಈ ಆ್ಯಪ್‌ಗೆ ಕಾಣುತ್ತಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಹಾಕುವ ಬೇಲಿ.

ಎರರ್ ಬಂದರೆ ಅದರ ಫೋಟೋ ಬೇಡ, ಅಕ್ಷರಗಳೇ ಬೇಕು. ಟರ್ಮಿನಲ್‌ನಲ್ಲಿ ಕಾಪಿ ಮಾಡಲು ಕಂಟ್ರೋಲ್, ಶಿಫ್ಟ್, ಸಿ ಮೂರನ್ನೂ ಒತ್ತಬೇಕು. ವಿಂಡೋಸ್‌ನ ಅಭ್ಯಾಸದಲ್ಲಿ ಬರೀ ಕಂಟ್ರೋಲ್ ಸಿ ಒತ್ತಿದರೆ ಓಡುತ್ತಿರುವ ಕೆಲಸವೇ ನಿಂತುಹೋಗುತ್ತದೆ. ಹೊಡೆದ ಕಮಾಂಡ್‌ನಿಂದ ಹಿಡಿದು ಕೊನೆಯ ಸಾಲಿನವರೆಗೆ ಪೂರ್ತಿ ಕೊಡಿ, ಮುಖ್ಯವಾದದ್ದು ಎಷ್ಟೋ ಸಲ ಮೊದಲ ಎರರ್ ಸಾಲಿನಲ್ಲೇ ಇರುತ್ತದೆ. ಸಿಸ್ಟಂ ಅನ್ನು ಇಂಗ್ಲಿಷ್ ಅಲ್ಲದ ಭಾಷೆಗೆ ಹೊಂದಿಸಿದ್ದರೆ, ಕಮಾಂಡ್‌ಗೂ ಮೊದಲು ದೊಡ್ಡಕ್ಷರದಲ್ಲಿ 'ಎಲ್‌ಸಿ ಅಂಡರ್‌ಸ್ಕೋರ್ ಆಲ್ ಸಮ ಸಿ' ಎಂದು ನಡುವೆ ಜಾಗವಿಲ್ಲದೆ ಬರೆದು ('ಸಮ' ಎಂದರೆ = ಚಿಹ್ನೆ), ಒಂದು ಜಾಗ ಬಿಟ್ಟು ಕಮಾಂಡ್ ಹಾಕಿ ಇನ್ನೊಮ್ಮೆ ಓಡಿಸಿ. ಸಂದೇಶ ಇಂಗ್ಲಿಷ್‌ನಲ್ಲಿ ಬರುತ್ತದೆ. ಹುಡುಕಿದರೆ ಸಿಗುವುದು ಆ ಇಂಗ್ಲಿಷ್ ಸಾಲೇ.

ಸಂದೇಶವನ್ನು ಕೊನೆಯವರೆಗೆ ಓದುವುದರ ಬೆಲೆ ಎಷ್ಟು ಎಂಬುದಕ್ಕೆ ಹೊಸಬರಿಗೆ ಮೊದಲ ವಾರವೇ ಎದುರಾಗುವ ಒಂದು ಎರರ್ ನೋಡಿ. ಏನನ್ನೋ ಇನ್‌ಸ್ಟಾಲ್ ಮಾಡಲು ಹೋದರೆ 'ಕುಡ್ ನಾಟ್ ಗೆಟ್ ಲಾಕ್' ಎಂದು ಶುರುವಾಗಿ, ಡಿಪಿಕೆಜಿ (ಪ್ಯಾಕೇಜ್‌ಗಳನ್ನು ನಿರ್ವಹಿಸುವ ತಂತ್ರಾಂಶ) ಫೋಲ್ಡರಿನ ಒಂದು ಲಾಕ್ ಫೈಲ್ ಹೆಸರು ಬರುತ್ತದೆ. ಇದನ್ನು ಹುಡುಕಿದರೆ "ಆ ಲಾಕ್ ಫೈಲ್ ಅಳಿಸಿ" ಎಂಬ ಸಲಹೆ ಎಲ್ಲೆಂದರಲ್ಲಿ ಸಿಗುತ್ತದೆ. ಮಾಡಬೇಡಿ. ಎರರ್‌ನ ಮುಂದಿನ ಭಾಗದಲ್ಲಿ ಆ ಲಾಕನ್ನು ಹಿಡಿದಿರುವ ಪ್ರೋಸೆಸ್‌ನ ನಂಬರ್ ಇರುತ್ತದೆ, ಬ್ರ್ಯಾಕೆಟ್‌ನಲ್ಲಿ ಹೆಸರೂ ಇರುತ್ತದೆ: 'ಅನ್‌ಅಟೆಂಡೆಡ್ ಅಪ್‌ಗ್ರೇಡ್'. ಅಂದರೆ ಸಿಸ್ಟಂ ತಾನೇ ಹಿನ್ನೆಲೆಯಲ್ಲಿ ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ. ಇಬ್ಬರು ಒಂದೇ ಲೆಕ್ಕದ ಪುಸ್ತಕದಲ್ಲಿ ಏಕಕಾಲಕ್ಕೆ ಬರೆಯದಿರಲಿ ಎಂದೇ ಆ ಬೀಗ. ಅದನ್ನು ಒಡೆದು ಒಳನುಗ್ಗಿದರೆ ಪ್ಯಾಕೇಜ್‌ಗಳ ದಾಖಲೆ ಹರಿದುಹೋಗಬಹುದು. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿದರೆ ಬಹುತೇಕ ಸಲ ತಾನೇ ಸರಿಹೋಗಿರುತ್ತದೆ. ಯಾರನ್ನೂ ಕೇಳಬೇಕಾಗಿಯೇ ಇರಲಿಲ್ಲ.

ವೈಫೈ ತೊಂದರೆ ಮಾತ್ರ ಇಷ್ಟು ಸುಲಭದ್ದಲ್ಲ. ಹುಡುಕಲು ಇಂಟರ್ನೆಟ್ಟೇ ಇರುವುದಿಲ್ಲವಲ್ಲ! ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಬೇಡದೆ ನೆಟ್ ಬರುತ್ತದೆ. ಆಮೇಲೆ 'ಎಲ್‌ಎಸ್‌ಪಿಸಿಐ' ಎಂಬ ಕಮಾಂಡನ್ನು ಹೈಫನ್ ಎನ್‌ಎನ್‌ಕೆ ಸೇರಿಸಿ ಓಡಿಸಿ, 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ಚೌಕ ಬ್ರ್ಯಾಕೆಟ್‌ನಲ್ಲಿ 14ಇ4:43ಬಿ1 ತರಹದ ಒಂದು ಗುರುತು ಇರುತ್ತದೆ. ಮೊದಲ ಅರ್ಧ ತಯಾರಕರದು (14ಇ4 ಎಂದರೆ ಬ್ರಾಡ್‌ಕಾಮ್), ಎರಡನೆಯದು ಚಿಪ್‌ನದು. ಒಂದೇ ಮಾಡೆಲ್ ಹೆಸರಿನ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವೈಫೈ ಚಿಪ್ ಇರುವುದುಂಟು, ಆದ್ದರಿಂದ ಲ್ಯಾಪ್‌ಟಾಪ್ ಹೆಸರಿಗಿಂತ ಈ ಗುರುತಿನಿಂದ ಹುಡುಕಿದರೆ ಗುರಿ ತಪ್ಪುವುದಿಲ್ಲ. ಕೆಳಗಿನ ಸಾಲುಗಳಲ್ಲಿ 'ಕರ್ನಲ್ ಡ್ರೈವರ್ ಇನ್ ಯೂಸ್' ಕಾಣದಿದ್ದರೆ ಡ್ರೈವರ್ ಹತ್ತಿಲ್ಲ ಎಂದರ್ಥ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಅಥವಾ ಉಬುಂಟುವಿನ ಅಡಿಷನಲ್ ಡ್ರೈವರ್ಸ್ ತೆರೆದು ನೋಡಿ.

"ಡ್ರೈವರ್ ಹಾಕಿದೆ, ಆದರೂ ಬರುತ್ತಿಲ್ಲ" ಎನ್ನುವವರಿಗೆ ಮೊದಲ ಪ್ರಶ್ನೆ: ಸೆಕ್ಯೂರ್ ಬೂಟ್ ಆನ್ ಇದೆಯೇ? ಆನ್ ಇದ್ದರೆ, ಇಂಥ ಹೊರಗಿನ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆಯೊಂದು ಬಂದು, ಯಾವುದಾದರೂ ಕೀಲಿ ಒತ್ತಿ ಎಂದು ಹತ್ತು ಸೆಕೆಂಡ್ ಎಣಿಸುತ್ತದೆ. ಒತ್ತಿ, 'ಎನ್‌ರೋಲ್ ಮೋಕ್' ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಏನೋ ಎಡವಟ್ಟಾಯಿತು ಎಂದು ಗಾಬರಿಯಿಂದ ನೋಡುತ್ತಾ ಕೂತರೆ ಹತ್ತು ಸೆಕೆಂಡ್ ಮುಗಿದು ಸಿಸ್ಟಂ ಎಂದಿನಂತೆ ಬೂಟ್ ಆಗುತ್ತದೆ. ಸಹಿಗೆ ಒಪ್ಪಿಗೆ ಸಿಗದ ಆ ಡ್ರೈವರನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್‌ನಲ್ಲೂ ಇದೇ ಕಥೆ ನಡೆಯುವುದುಂಟು.

ಇಷ್ಟಾಗಿಯೂ ಬಗೆಹರಿಯದಿದ್ದರೆ ಜನರ ಬಳಿ ಹೋಗಬೇಕು. ಮೊದಲು ನಿಮ್ಮ ವಿತರಣೆಯ ಮನೆಬಾಗಿಲು: ಮಿಂಟ್‌ನವರಿಗೆ ಮಿಂಟ್‌ನ ವೇದಿಕೆ, ಉಬುಂಟುವಿನವರಿಗೆ ಆಸ್ಕ್ ಉಬುಂಟು. ಆಸ್ಕ್ ಉಬುಂಟುವಿನಲ್ಲಿ ಮಿಂಟ್ ಪ್ರಶ್ನೆ ಹಾಕಿದರೆ ವಿಷಯಕ್ಕೆ ಹೊರತು ಎಂದು ಮುಚ್ಚಿಬಿಡುತ್ತಾರೆ. ಅಂಥವರಿಗೆ ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಯುನಿಕ್ಸ್ ಮತ್ತು ಲಿನಕ್ಸ್ ವಿಭಾಗ ಇದೆ. ಆರ್ಚ್ ಎಂಬ ವಿತರಣೆಯ ವಿಕಿಯನ್ನು ಯಾವ ವಿತರಣೆಯವರೂ ಓದಬಹುದು, ಕಾರಣಗಳ ವಿವರಣೆ ಅಷ್ಟು ಚೆನ್ನಾಗಿದೆ. ಆದರೆ ಅಲ್ಲಿನ 'ಪ್ಯಾಕ್‌ಮ್ಯಾನ್' ಕಮಾಂಡ್‌ಗಳು ಉಬುಂಟುವಿನಲ್ಲಿ ಇಲ್ಲವೇ ಇಲ್ಲ, ಪ್ಯಾಕೇಜ್ ಹೆಸರುಗಳೂ ಬೇರೆ ಇರಬಹುದು. ಬಗ್ ಟ್ರ್ಯಾಕರ್ ದೋಷ ವರದಿಗೆ ಇರುವ ಜಾಗ, ಅಲ್ಲಿ ಹೋಗಿ "ಹೇಗೆ ಮಾಡಲಿ" ಎಂದು ಕೇಳಬೇಡಿ.

ಕೇಳುವಾಗ ಮೂಲ ಉದ್ದೇಶವನ್ನೇ ಹೇಳಿ. ವಿಂಡೋಸ್‌ನ ಡಿ ಡ್ರೈವ್‌ಗೆ ಲಿನಕ್ಸ್‌ನಿಂದ ಫೈಲ್ ಬರೆಯಲಾಗುತ್ತಿಲ್ಲ ಎಂದುಕೊಳ್ಳೋಣ. "ಪರ್ಮಿಷನ್ 777 (ಎಲ್ಲರಿಗೂ ಎಲ್ಲ ಅನುಮತಿ) ಮಾಡುವುದು ಹೇಗೆ?" ಎಂದು ಕೇಳಿದರೆ ಅದಕ್ಕೆ ಉತ್ತರ ಸಿಗುತ್ತದೆ, ಕೆಲಸ ಆಗುವುದಿಲ್ಲ. ಅಲ್ಲಿನ ತೊಡಕು ಹೆಚ್ಚಾಗಿ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ರೆಯಲ್ಲಿರುವುದರಿಂದ ಲಿನಕ್ಸ್ ಆ ಡ್ರೈವನ್ನು ಓದಲಷ್ಟೇ ತೆರೆಯುತ್ತದೆ, ಇಲ್ಲವೇ ತೆರೆಯುವುದೇ ಇಲ್ಲ. ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಸರಿಯಾಗಿ ಶಟ್‌ಡೌನ್ ಮಾಡಬೇಕು. "ಡಿ ಡ್ರೈವ್‌ಗೆ ಫೈಲ್ ಹಾಕಬೇಕು, ಹೀಗೆ ಎರರ್ ಬರುತ್ತಿದೆ" ಎಂದಿದ್ದರೆ ಒಂದೇ ಉತ್ತರಕ್ಕೆ ಮುಗಿಯುತ್ತಿತ್ತು.

ಬಂದ ಉತ್ತರವನ್ನು ಹಾಗೇ ಪೇಸ್ಟ್ ಮಾಡುವ ಮುಂಚೆ ತಡೆಯಿರಿ. 'ಸುಡೊ' ಎಂದು ಶುರುವಾದರೆ ಅದು ಮನೆಯ ಎಲ್ಲ ಬೀಗದ ಕೈ ಕೊಟ್ಟಂತೆ. 'ಆರ್‌ಎಂ', 'ಡಿಡಿ', 'ಎಂಕೆಎಫ್ಎಸ್' ಕಂಡರೆ ಅಳಿಸುವ ಕೆಲಸ. ಯಾವ ಡಿಸ್ಕ್, ಯಾವ ಫೋಲ್ಡರ್ ಎಂದು ಎರಡು ಸಲ ನೋಡಿ. ನೆಟ್‌ನಿಂದ ಸ್ಕ್ರಿಪ್ಟ್ ಇಳಿಸಿ ಓದದೆಯೇ ನೇರ ಓಡಿಸುವ ಸಾಲುಗಳನ್ನು ಆದಷ್ಟು ದೂರ ಇಡಿ. ಗೊತ್ತಿಲ್ಲದ ಕಮಾಂಡ್‌ಗೂ ಮೊದಲು 'ಮ್ಯಾನ್' ಎಂದು ಬರೆದು ಒಂದು ಜಾಗ ಬಿಟ್ಟರೆ ಅದರ ಕೈಪಿಡಿ ತೆರೆಯುತ್ತದೆ. ಓರೆಗೆರೆ ಒತ್ತಿ ಪದ ಹುಡುಕಬಹುದು, ಹೊರಬರಲು ಕ್ಯೂ. (ಹೊರಬರುವುದು ತಿಳಿಯದೆ ಟರ್ಮಿನಲ್ ಕಿಟಕಿಯನ್ನೇ ಮುಚ್ಚುವವರಿದ್ದಾರೆ.) ಚಾಟ್‌ಬಾಟ್ ಕೊಟ್ಟ ಉತ್ತರಕ್ಕೂ ಇದೇ ಪರೀಕ್ಷೆ. ಅವು ಒಮ್ಮೊಮ್ಮೆ ಇಲ್ಲದ ಆಯ್ಕೆಗಳನ್ನು ಇದೆಯೆಂದು ಧೈರ್ಯವಾಗಿ ಹೇಳುತ್ತವೆ. ಕೈಪಿಡಿಯಲ್ಲಿ ಆ ಆಯ್ಕೆ ಕಾಣದಿದ್ದರೆ ಅಲ್ಲಿಗೆ ಬಿಡಿ. ದೊಡ್ಡ ಬದಲಾವಣೆಗೆ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದುಕೊಂಡರೆ ಸಿಸ್ಟಂ ಕೆಟ್ಟರೂ ಹಿಂದಕ್ಕೆ ಬರಬಹುದು. ಆದರೆ ಅದು ನಿಮ್ಮ ಫೋಟೋ, ದಾಖಲೆಗಳನ್ನು ಬೇರೆ ಹೇಳದ ಹೊರತು ಉಳಿಸುವುದಿಲ್ಲ. ಅವಕ್ಕೆ ಬೇರೆ ಡಿಸ್ಕ್‌ನಲ್ಲಿ ನಕಲು ಇರಬೇಕು.

ಕೂಡಲೇ ಮಾತಾಡಬೇಕು ಎನ್ನುವವರಿಗೆ ಐಆರ್‌ಸಿಯ ಲಿಬೆರಾ ಚಾಟ್ ಮತ್ತು ಮ್ಯಾಟ್ರಿಕ್ಸ್ ಎಂಬ ಚಾಟ್ ಜಾಲಗಳಿವೆ. "ಯಾರಾದರೂ ಇದ್ದೀರಾ?" ಎಂದು ಕಾಯದೆ ಪೂರ್ತಿ ಪ್ರಶ್ನೆಯನ್ನೇ ಒಂದೇ ಸಲ ಹಾಕಿ. ಉದ್ದದ ಲಾಗ್ (ಸಿಸ್ಟಂ ಬರೆದಿಟ್ಟ ದಾಖಲೆ) ಇದ್ದರೆ ಪೇಸ್ಟ್‌ಬಿನ್ ತರಹದ ಜಾಗದಲ್ಲಿಟ್ಟು ಕೊಂಡಿ ಕೊಡಿ. ಉತ್ತರ ಗೊತ್ತಿರುವವರು ಭೂಮಿಯ ಇನ್ನೊಂದು ಬದಿಯಲ್ಲಿ ನಿದ್ದೆಯಲ್ಲಿರಬಹುದು, ಎದ್ದು ನೋಡುವ ಹೊತ್ತಿಗೆ ಐದಾರು ಗಂಟೆ ಕಳೆದಿರುತ್ತದೆ. ಐಆರ್‌ಸಿಯಲ್ಲಿ ಆ ಹೊತ್ತಿಗೆ ನೀವು ಹೊರಟುಹೋಗಿದ್ದರೆ ಅವರು ಬರೆದದ್ದು ನಿಮಗೆ ತಲುಪುವುದಿಲ್ಲ, ಕಿಟಕಿ ತೆರೆದೇ ಇಟ್ಟಿರಬೇಕು. ಮ್ಯಾಟ್ರಿಕ್ಸ್‌ನಲ್ಲಾದರೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿ. ಬೆಳಿಗ್ಗೆ ಎದ್ದು ತೆರೆದರೂ ಉತ್ತರ ಅಲ್ಲೇ ಇರುತ್ತದೆ.