ಸ್ವಂತ ಹಾಡಿನ ಹಟ

ಬೆಂಗಳೂರಿನ ಇಂದಿರಾನಗರದಲ್ಲಿ ನಿನ್ನೆ ಹೊಸ ರಾಕ್ ಬ್ಯಾಂಡೊಂದು ತನ್ನದೇ ಕನ್ನಡ ಹಾಡುಗಳನ್ನು ನುಡಿಸುತ್ತಿದ್ದಾಗ, ಹಿಂದಿನ ಮೇಜಿನಿಂದ ಯಾರೋ ಜನಪ್ರಿಯ ಇಂಗ್ಲಿಷ್ ಹಾಡೊಂದನ್ನು ಕೂಗಿ ಕೇಳಿದರು. ಗಾಯಕಿ ನಕ್ಕು ತಮ್ಮ ಮುಂದಿನ ಹಾಡನ್ನೇ ಎತ್ತಿಕೊಂಡರು. ಆ ಹಟ ನನಗೆ ಬಹಳ ಹಿಡಿಸಿತು. ಪರರ ಹಾಡುಗಳನ್ನು ಚೆನ್ನಾಗಿ ನುಡಿಸಿದವರಿಗಷ್ಟೇ ಚಪ್ಪಾಳೆ ಸಿಗುತ್ತಿದ್ದ ಕಾಲದಲ್ಲಿ, 1996ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ಬ್ಯಾಂಡ್ ಸ್ವಂತ ರಚನೆಗಳನ್ನೇ ನೆಚ್ಚಿಕೊಂಡಿತು; ಸ್ವರಾತ್ಮ ಬ್ಯಾಂಡ್ ಜನಪದದ ಲಯವನ್ನು ರಾಕ್ ಸಂಗೀತಕ್ಕೆ ಬೆರೆಸಿತು; ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರು ಹಿಡಿದು ಹಾಡಿದ ರಘು ದೀಕ್ಷಿತ್ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದರು.

ಆದರೂ ಹೊಸಬರ ಕಷ್ಟವೇನೂ ತಗ್ಗಿಲ್ಲ. ಅಭ್ಯಾಸದ ಕೊಠಡಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆತ್ತು, ಕಚೇರಿ ಕೆಲಸ ಮುಗಿಸಿ, ಸಂಜೆಯ ಟ್ರಾಫಿಕ್ಕಿನಲ್ಲಿ ವಾದ್ಯಗಳನ್ನು ಸಾಗಿಸಿಕೊಂಡು ಬರುವ ಇವರಿಗೆ, ಹಾಡುವ ಮುನ್ನ ಧ್ವನಿ ಹೊಂದಿಸಿಕೊಳ್ಳುವ ಸೌಂಡ್ ಚೆಕ್ಕಿಗೆ ಸಿಗುವುದು ಅಲ್ಪ ಹೊತ್ತು. ಎದುರಿಗೆ ಕುಳಿತವರಲ್ಲಿ ಬಹುಮಂದಿ ಅವರ ಸ್ನೇಹಿತರೇ. ನಿನ್ನೆಯಂತೂ ಡ್ರಮ್ಮಿನ ಅಬ್ಬರದಲ್ಲಿ ಸಾಹಿತ್ಯ ಅರ್ಧ ಮುಳುಗಿಹೋಯಿತು. (ಕನ್ನಡದಲ್ಲಿ ಬರೆದೂ ಮಾತು ಕೇಳಿಸದಿದ್ದರೆ ಹೇಗೆ?) ಮುಂದಿನ ತಿಂಗಳು ಮೈಸೂರಿನಲ್ಲಿ ನುಡಿಸುತ್ತಾರಂತೆ. ಗಾಯಕಿಯ ದನಿಗೆ ಅಲ್ಲಿ ತುಸು ಜಾಗ ಸಿಗಲಿ ಎಂಬ ಆಸೆಯಿಂದ, ಈ ಬಾರಿ ನಾನೂ ಬಸ್ಸು ಹತ್ತುವವನಿದ್ದೇನೆ.